ವಿಜಯಪುರದಲ್ಲಿ ಒಂದು ವಾರ: ಅವಸರವಿಲ್ಲದೆ ನೋಡುವವರಿಗೆ ದಿನವಾರು ಯೋಜನೆ

ಬಾದಾಮಿ, ಐಹೊಳೆ, ಪಟ್ಟದಕಲ್ಲು ಮುಗಿಸಿಕೊಂಡು ಹೋಗುವ ದಾರಿಯಲ್ಲಿ ವಿಜಯಪುರಕ್ಕೆ ಅರ್ಧ ದಿನ. ಬಹುತೇಕ ಟೂರ್ ಬಸ್ಸುಗಳ ಲೆಕ್ಕ ಇಷ್ಟೇ. ಹನ್ನೊಂದು ಗಂಟೆಗೆ ಗೋಳಗುಮ್ಮಟದ ಮುಂದೆ ಇಳಿಯುತ್ತಾರೆ, ನೂರಾರು ಮಕ್ಕಳ ಕೂಗಾಟದ ನಡುವೆ ಪಿಸುಮಾತಿನ ಗ್ಯಾಲರಿ ಸುತ್ತುತ್ತಾರೆ, ಕಾದ ಕಲ್ಲಿನ ಮೇಲೆ ಕಾಲು ಸುಟ್ಟುಕೊಂಡು ಇಳಿದು ಬರುತ್ತಾರೆ. ಊರು ಚೆನ್ನಾಗಿಲ್ಲ ಎಂದು ಹೇಳುವವರಲ್ಲಿ ಹೆಚ್ಚಿನವರು ಈ ಹೊತ್ತಿನಲ್ಲಿ ಬಂದವರೇ.

ಆದಿಲ್‌ಶಾಹಿಗಳು ಸುಮಾರು 1490ರಿಂದ 1686ರವರೆಗೆ, ಹೆಚ್ಚುಕಡಿಮೆ ಇನ್ನೂರು ವರ್ಷ, ಇಲ್ಲಿಂದ ಆಳಿದರು. ಹತ್ತು ಕಿಲೋಮೀಟರ್ ಸುತ್ತಳತೆಯ ಕೋಟೆಗೋಡೆ, ಅದರೊಳಗೂ ಹೊರಗೂ ಗೋರಿ, ಮಸೀದಿ, ಅರಮನೆ, ಬಾವಡಿ (ಮೆಟ್ಟಿಲಿರುವ ದೊಡ್ಡ ಬಾವಿ), ನೀರಿನ ಗೋಪುರಗಳು ಇಂದಿನ ಮನೆ, ಅಂಗಡಿ, ಶಾಲೆಗಳ ನಡುವೆಯೇ ನಿಂತಿವೆ. ಇವನ್ನು ನೋಡಲು ಒಂದು ವಾರ ಬೇಕು. ಆ ವಾರಕ್ಕೆ ಒಂದೇ ನಿಯಮ: ಮುಂಜಾನೆ ಒಂದು ಜಾಗ, ಇಳಿಹೊತ್ತಿಗೆ ಒಂದು ಜಾಗ, ನಡುವೆ ಊಟ ಮತ್ತು ನಿದ್ದೆ. ದಿನಕ್ಕೆ ಮೂರನೆಯದನ್ನು ಸೇರಿಸಿದಿರೋ, ಲೆಕ್ಕ ಕೆಡುತ್ತದೆ.

ಯಾವಾಗ ಹೋಗಬೇಕು

ನವೆಂಬರ್‌ನಿಂದ ಫೆಬ್ರವರಿ ಮಧ್ಯದವರೆಗೆ ಹವೆ ಹಿತವಾಗಿರುತ್ತದೆ. ಮಾರ್ಚ್ ದಾಟಿದರೆ ಬಿಸಿಲು ಏರುತ್ತದೆ, ಏಪ್ರಿಲ್–ಮೇ ತಿಂಗಳಲ್ಲಿ 40 ಡಿಗ್ರಿ ಮಾಮೂಲು. ಇಲ್ಲಿನ ಕಟ್ಟಡಗಳ ಕಲ್ಲು ಕಪ್ಪು ಬಸಾಲ್ಟ್. ಅದು ಹನ್ನೊಂದರ ಹೊತ್ತಿಗೆ ಕಾಯತೊಡಗಿದರೆ ಸಂಜೆ ಐದರವರೆಗೂ ಆರುವುದಿಲ್ಲ. ನೆರಳಿದ್ದರೂ ಸೆಕೆ ಬಿಡದಿರುವುದು ಅದಕ್ಕೇ.

ಒಳ್ಳೆಯ ಹವೆಯ ಈ ತಿಂಗಳುಗಳಲ್ಲೇ ಶಾಲಾ ಪ್ರವಾಸಗಳೂ ಬರುತ್ತವೆ. ಅವುಗಳಿಂದ ತಪ್ಪಿಸಿಕೊಳ್ಳುವುದು ತಿಂಗಳು ಬದಲಿಸಿದರೆ ಆಗುವ ಕೆಲಸವಲ್ಲ, ಹೊತ್ತು ಬದಲಿಸಬೇಕು. ಮಕ್ಕಳ ಬಸ್ಸು ಬೆಳಿಗ್ಗೆ ಆರಕ್ಕೆ ಬರುವುದಿಲ್ಲ.

ಜನವರಿಯಲ್ಲಿ ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ. ನಂದಿಧ್ವಜ, ಮದ್ದು ಸುಡುವುದು, ಜಾನುವಾರು ಸಂತೆ ಎಲ್ಲವೂ ನೋಡುವಂಥವೇ. ಆದರೆ ಆ ವಾರ ರೂಮು ಸಿಗುವುದು ಕಷ್ಟ, ಸಿದ್ಧೇಶ್ವರ ಗುಡಿಯ ಸುತ್ತ ಗಾಡಿ ಮುಂದಕ್ಕೆ ಹೋಗುವುದಿಲ್ಲ. ಜಾತ್ರೆ ನೋಡಬೇಕೆಂದರೆ ತಿಂಗಳ ಮೊದಲೇ ರೂಮು ಹಿಡಿಯಿರಿ, ಸ್ಮಾರಕ ನೋಡಬೇಕೆಂದರೆ ಜಾತ್ರೆ ಮುಗಿದು ಒಂದು ವಾರ ಬಿಟ್ಟು ಬನ್ನಿ.

ವಾರ ಯಾವ ದಿನ ಶುರುವಾಗಬೇಕು ಎಂಬುದೂ ಮುಖ್ಯ. ಭಾನುವಾರ ಮಧ್ಯಾಹ್ನ ಬಂದು ಶನಿವಾರ ರಾತ್ರಿ ಹೊರಡುವ ಹಾಗೆ ಇಟ್ಟುಕೊಳ್ಳಿ. ಗೋಳಗುಮ್ಮಟದಲ್ಲಿ ಭಾನುವಾರದ ಜನಜಂಗುಳಿ ತಪ್ಪುತ್ತದೆ. ಶುಕ್ರವಾರ ವಸ್ತುಸಂಗ್ರಹಾಲಯಕ್ಕೆ ರಜೆ, ಜುಮ್ಮಾ ಮಸೀದಿಯಲ್ಲಿ ಮಧ್ಯಾಹ್ನದ ದೊಡ್ಡ ನಮಾಜು. ಹಾಗಾಗಿ ಶುಕ್ರವಾರವನ್ನು ಊರ ಹೊರಗೆ ಕಳೆಯಲು ಇಟ್ಟುಕೊಂಡರೆ ಯಾವುದೂ ತಪ್ಪುವುದಿಲ್ಲ.

ಬರುವುದು, ಇಳಿಯುವುದು

ಬೆಂಗಳೂರಿನಿಂದ ಸುಮಾರು 520 ಕಿಲೋಮೀಟರ್, ರಾತ್ರಿ ಬಸ್ಸಿನಲ್ಲಿ ಒಂದು ನಿದ್ದೆಯ ದಾರಿ. ಮೈಸೂರು, ಬೆಂಗಳೂರು, ಹುಬ್ಬಳ್ಳಿ, ಗದಗ, ಬಾಗಲಕೋಟೆ ಹಾದು ಬರುವ ಗೋಲಗುಂಬಜ್ ಎಕ್ಸ್‌ಪ್ರೆಸ್ ಇದೆ. ಮಹಾರಾಷ್ಟ್ರದ ಕಡೆಯಿಂದ ಬರುವವರಿಗೆ ಸೊಲ್ಲಾಪುರ ಹತ್ತಿರ, ನೂರು ಕಿಲೋಮೀಟರ್ ಚಿಲ್ಲರೆ. ರೈಲ್ವೆ ಸ್ಟೇಷನ್ ಊರಿನ ಪೂರ್ವದ ಅಂಚಿನಲ್ಲಿ ಗೋಳಗುಮ್ಮಟದ ಪಕ್ಕಕ್ಕೇ ಇದೆ. ಬಸ್ ನಿಲ್ದಾಣ ಒಳಕೋಟೆಯ ಹತ್ತಿರ.

ರೂಮು ಎಲ್ಲಿ ಮಾಡಬೇಕು? ಗೋಳಗುಮ್ಮಟ ಪೂರ್ವಕ್ಕೆ, ಇಬ್ರಾಹಿಂ ರೋಜಾ (ಎರಡನೇ ಇಬ್ರಾಹಿಂ ಆದಿಲ್‌ಶಾಹನ ಗೋರಿ) ಪಶ್ಚಿಮಕ್ಕೆ, ಎರಡರ ನಡುವೆ ನಾಲ್ಕು ಕಿಲೋಮೀಟರ್ ಆಸುಪಾಸು. ಒಳಕೋಟೆ (ಜನ ಅರಕಿಲ್ಲಾ ಎನ್ನುತ್ತಾರೆ) ಸರಿಯಾಗಿ ನಡುವೆ. ಸ್ಟೇಷನ್ ರೋಡ್, ಗಾಂಧಿ ಚೌಕ, ಅರಕಿಲ್ಲಾ ಈ ಪಟ್ಟಿಯಲ್ಲಿ ಎಲ್ಲಿ ಉಳಿದರೂ ನಡೆದು ಮುಗಿಸಬಹುದಾದದ್ದು ಬಹಳ. ಪ್ರವಾಸೋದ್ಯಮ ನಿಗಮದ ಮಯೂರ ಆದಿಲ್‌ಶಾಹಿ ಹೋಟೆಲ್ ಅರಕಿಲ್ಲಾದ ಮಗ್ಗುಲಲ್ಲೇ ಇದೆ. ಹೈವೇ ಬದಿಯ ಹೊಸ ಲಾಡ್ಜುಗಳು ಚೆನ್ನಾಗಿದ್ದರೂ ವಾರದ ವಾಸಕ್ಕೆ ಬೇಡ. ಮಧ್ಯಾಹ್ನ ರೂಮಿಗೆ ಮರಳುವುದೇ ಈ ಯೋಜನೆಯ ಬೆನ್ನೆಲುಬು, ಅಷ್ಟು ದೂರದಿಂದ ದಿನಕ್ಕೆರಡು ಬಾರಿ ಓಡಾಡಲು ಎರಡನೇ ದಿನಕ್ಕೇ ಬೇಸರ ಬರುತ್ತದೆ. ರೂಮು ನೋಡುವಾಗ ಪಶ್ಚಿಮಕ್ಕೆ ಕಿಟಕಿ ಇರುವುದನ್ನು ಒಲ್ಲೆ ಎನ್ನಿ, ಮಧ್ಯಾಹ್ನದ ನಿದ್ದೆ ಬೇಯುತ್ತದೆ.

ಓಡಾಟಕ್ಕೆ ಆಟೋ, ಟಾಂಗಾ. ಟಾಂಗಾಗಳು ಮೊದಲಿನಷ್ಟಿಲ್ಲ, ಸಿಕ್ಕರೆ ಹತ್ತಿ. ಊರಿನ ದಾರಿಗೆ ಅದರ ವೇಗವೇ ಸರಿ. ಬಾಡಿಗೆ ಮಾತಾಡುವಾಗ ಹೋಗುವುದನ್ನಷ್ಟೇ ಹೇಳಿದರೆ ನಿಲ್ಲುವ ಹೊತ್ತಿಗೆ ಜಗಳ. ಮೊದಲೇ ಪೂರ್ತಿ ಹೇಳಿ: “ಕಾಕಾರ, ಬರೇ ಬಿಡೋದಲ್ರಿ, ಒಂದ್ ತಾಸ್ ನಿಂತು ತಿರಗಿ ಬರೋದೈತಿ, ಎಷ್ಟ್ ಕೊಡೋದ್ರಿ?” ಇಷ್ಟು ಸ್ಪಷ್ಟವಾಗಿ ಕೇಳಿದವರಿಗೆ ಸಾಮಾನ್ಯವಾಗಿ ತಕರಾರು ಬರುವುದಿಲ್ಲ.

ಚೀಲದಲ್ಲಿ ಇರಬೇಕಾದದ್ದು: ಮುಂಜಾನೆಯ ಸುತ್ತಿಗೆ ತಲೆಗೆ ಒಂದೂವರೆ ಲೀಟರ್ ನೀರು, ದಪ್ಪ ಕಾಲುಚೀಲ ಎರಡು ಜೊತೆ (ಚಪ್ಪಲಿ ಬಿಡಬೇಕಾದ ಕಡೆ ಕಲ್ಲು ಸುಡುತ್ತದೆ), ಟೊಪ್ಪಿಗೆ, ಸಣ್ಣ ಬ್ಯಾಟರಿ, ತಲೆಗೆ ಹೊದೆಯಲು ಒಂದು ವಸ್ತ್ರ. ದುರ್ಬೀನು ಇದ್ದರೆ ಖಂಡಿತ ತನ್ನಿ, ಇಲ್ಲಿನ ಒಳ್ಳೆಯ ಕೆತ್ತನೆಗಳೆಲ್ಲ ತಲೆಯಿಂದ ಬಹಳ ಮೇಲಿವೆ.

ಭಾನುವಾರ: ಬಾರಾ ಕಮಾನ್ ಒಂದೇ

ಬಂದ ದಿನ ಏನೂ ನೋಡದಿದ್ದರೂ ಸರಿ. ಸಂಜೆ ಐದಕ್ಕೆ ಬಾರಾ ಕಮಾನ್‌ಗೆ ನಡೆದುಕೊಂಡು ಹೋಗಿ. ಎರಡನೇ ಅಲಿ ಆದಿಲ್‌ಶಾಹ 1672ರಲ್ಲಿ ತೀರಿಕೊಂಡಾಗ ಅವನ ಗೋರಿಯ ಕಟ್ಟಡ ಅರ್ಧಕ್ಕೇ ನಿಂತಿತು. ಕಮಾನುಗಳು ಚಾವಣಿಯಿಲ್ಲದೆ ಆಕಾಶಕ್ಕೆ ತೆರೆದು ನಿಂತಿವೆ. ಇದನ್ನು ಮೊದಲು ನೋಡಿ ಎನ್ನುವುದಕ್ಕೆ ಕಾರಣವಿದೆ: ಮುಗಿದ ಕಟ್ಟಡದಲ್ಲಿ ಗಾರೆಯ ಒಳಗೆ ಮುಚ್ಚಿಹೋಗುವ ಕಮಾನು ಕಟ್ಟುವ ಬಗೆ ಇಲ್ಲಿ ಬಿಚ್ಚಿಟ್ಟ ಹಾಗಿದೆ. ಮರುದಿನ ಗೋಳಗುಮ್ಮಟದಲ್ಲಿ ಏನು ನೋಡಬೇಕೆಂದು ಕಣ್ಣಿಗೆ ಪಾಠವಾಗುತ್ತದೆ.

ಸೋಮವಾರ: ಗೋಳಗುಮ್ಮಟ, ಬಾಗಿಲು ತೆರೆಯುವ ಹೊತ್ತಿಗೆ

ಬೆಳಿಗ್ಗೆ ಆರಕ್ಕೆ ಗೇಟಿನಲ್ಲಿರಿ. ಬೇರೆ ಯಾವ ದಿನ ತಡವಾಗಿ ಎದ್ದರೂ ನಡೆದೀತು, ಈ ದಿನ ಮಾತ್ರ ಅಲ್ಲ. ಮುಂದೆ ಸಿಗುವ ನಗಾರಖಾನೆಯನ್ನು (ನಗಾರಿ ಬಾರಿಸುತ್ತಿದ್ದ ಕಟ್ಟಡ) ಆಮೇಲೆ ನೋಡೋಣ, ನೇರ ಒಳಗೆ ಹೋಗಿ.

ಒಳಗೆ ಹೋದೊಡನೆ ಮೆಟ್ಟಿಲಿನ ಕಡೆ ಓಡಬೇಡಿ. ಎಲ್ಲರೂ ಮಾಡುವ ತಪ್ಪು ಅದು. ನಡುವಿನ ಕಟ್ಟೆಯ ಹತ್ತಿರ ಹತ್ತು ನಿಮಿಷ ನಿಂತು ಮೇಲೆ ನೋಡಿ. ನಾಲ್ಕು ಗೋಡೆಯ ಚೌಕದ ಮೇಲೆ ದುಂಡಗಿನ ಗುಮ್ಮಟ ಹೇಗೆ ಕೂತಿತು ಎಂಬುದೇ ಈ ಕಟ್ಟಡದ ಜೀವ. ಎಂಟು ಕಮಾನುಗಳು ಒಂದನ್ನೊಂದು ಅಡ್ಡಹಾಯುತ್ತವೆ. ಒಂದು ಚೌಕದ ಮೇಲೆ ಇನ್ನೊಂದು ಚೌಕವನ್ನು ತುಸು ತಿರುಗಿಸಿಟ್ಟಂತೆ ಅವು ಹೆಣೆದುಕೊಂಡು, ಮೇಲೆ ಹೋದಂತೆ ಒಳಕ್ಕೆ ವಾಲಿ, ಚೌಕವನ್ನು ಎಂಟು ಮೂಲೆಯಾಗಿ, ಆಮೇಲೆ ದುಂಡಗೆ ಮಾಡುತ್ತವೆ. ನಡುವೆ ಒಂದೇ ಒಂದು ಕಂಬವಿಲ್ಲ. ಹೊರಮೈ ಅಳತೆಯಲ್ಲಿ ಗುಮ್ಮಟದ ವ್ಯಾಸ 44 ಮೀಟರ್, ಒಳಗಿನ ನೆಲ ಸುಮಾರು 1,700 ಚದರ ಮೀಟರ್. ಕಮಾನುಗಳು ಒಳಕ್ಕೆ ಬಾಗಿದ್ದರಿಂದ ಗುಮ್ಮಟದ ಬುಡದಲ್ಲಿ ಸುತ್ತಲೂ ಜಾಗ ಉಳಿಯಿತು, ಆ ಜಾಗವೇ ಪಿಸುಮಾತಿನ ಗ್ಯಾಲರಿ. ಕಟ್ಟೆಯ ಮೇಲಿರುವವು ಮೊಹಮ್ಮದ್ ಆದಿಲ್‌ಶಾಹ (ಆಳಿದ್ದು 1627–1656) ಮತ್ತು ಅವನ ಮನೆಯವರ ಗುರುತಿನ ಗೋರಿಗಳು, ಅವರಲ್ಲಿ ರಂಭಾ ಎಂಬ ನರ್ತಕಿಯೂ ಸೇರಿದ್ದಾಳೆ. ನಿಜವಾದ ಗೋರಿಗಳು ಕೆಳಗಿನ ನೆಲಮನೆಯಲ್ಲಿವೆ.

ಈಗ ಮೇಲೆ. ಮೂಲೆಯ ಎಂಟು ಮೂಲೆಯ ಮಿನಾರಿನೊಳಗೆ ಏಳು ಅಂತಸ್ತು ಹತ್ತಬೇಕು. ಮೆಟ್ಟಿಲು ಎತ್ತರ, ದಾರಿ ಇಕ್ಕಟ್ಟು, ಕೆಲವು ಕಡೆ ಕತ್ತಲು. ಎರಡು ಅಂತಸ್ತಿಗೊಮ್ಮೆ ಕಿಟಕಿಯಲ್ಲಿ ನಿಂತು ಉಸಿರು ಬಿಡಿ. ಮೊಣಕಾಲು ನೋವಿರುವವರು ಹತ್ತಿದರೂ ಇಳಿಯುವಾಗ ಕಷ್ಟಪಡುತ್ತಾರೆ, ಅವರು ಕೆಳಗೇ ಉಳಿದು ಕಮಾನು ನೋಡುವುದು ಒಳ್ಳೆಯದು. ಕೆಳಗೆ ನಿಂತವರಿಗೂ ಮೇಲಿನ ದನಿ ಕೇಳಿಸುತ್ತದೆ.

ಗ್ಯಾಲರಿಯಲ್ಲಿ ಹೀಗೆ ಮಾಡಿ. ಇಬ್ಬರಿದ್ದರೆ ಎದುರುಬದುರು ನಿಲ್ಲಿ, ನಡುವೆ ಸುಮಾರು 38 ಮೀಟರ್ ಅಂತರ. ಗೋಡೆಗೆ ಮುಖ ಮಾಡಿ, ಬಾಯಿಯನ್ನು ಗೋಡೆಗೆ ಒಂದು ಗೇಣು ಹತ್ತಿರ ಇಟ್ಟು ಪಿಸುಗುಡಿ. ನಡುವಿನ ಖಾಲಿಯತ್ತ ತಿರುಗಿ ಮಾತಾಡಿದರೆ ದನಿ ಚದುರಿ ಗದ್ದಲವಾಗುತ್ತದೆ, ಗೋಡೆಯ ಬಾಗಿಗೆ ಹಚ್ಚಿ ಆಡಿದ ಮಾತು ಗೋಡೆ ಹಿಡಿದುಕೊಂಡೇ ಸಾಗುತ್ತದೆ. ಎದುರಿನವರು ಕಿವಿಯನ್ನು ಗೋಡೆಗೆ ತಾಗಿಸಬೇಕು. ಕಾಗದ ಹರಿಯುವ ಸದ್ದೂ ಕೇಳುತ್ತದೆ. ಆಮೇಲೆ ಒಂದೇ ಒಂದು ಚಪ್ಪಾಳೆ ತಟ್ಟಿ ಸುಮ್ಮನಾಗಿ, ಏಳಕ್ಕಿಂತ ಹೆಚ್ಚು ಸಲ ಅದು ಮರಳಿ ಬರುತ್ತದೆ. ಎರಡನೇ ಚಪ್ಪಾಳೆಯನ್ನು ಮೊದಲನೆಯದು ಪೂರ್ತಿ ಆರಿದ ಮೇಲೆ ತಟ್ಟಿ. ಒಂಬತ್ತರ ನಂತರ ಇದ್ಯಾವುದೂ ಆಗುವುದಿಲ್ಲ.

ಇಳಿಯುವ ಮೊದಲು ಗುಮ್ಮಟದ ಹೊರಗಿನ ತಾರಸಿಯನ್ನು ಒಂದು ಸುತ್ತು ಹಾಕಿ. ಪಶ್ಚಿಮಕ್ಕೆ ಇಡೀ ಊರು ಹರಡಿರುತ್ತದೆ. ವಾರದಲ್ಲಿ ನೋಡಲಿರುವ ಜಾಗಗಳನ್ನು ಇಲ್ಲಿಂದಲೇ ಗುರುತು ಹಾಕಿಕೊಳ್ಳಬಹುದು. ತಿಂಡಿ ಮುಗಿಸಿ ಹತ್ತು ಗಂಟೆಗೆ ನಗಾರಖಾನೆಯ ವಸ್ತುಸಂಗ್ರಹಾಲಯಕ್ಕೆ ಬನ್ನಿ: ಶಾಸನ, ವೀರಗಲ್ಲು, ಹಸ್ತಪ್ರತಿ, ಆಯುಧ, ಚೀನಾ ಪಿಂಗಾಣಿ, ಹಳೆಯ ರತ್ನಗಂಬಳಿ. ಒಂದು ತಾಸು ಸಾಕು. ಸಂಜೆಗೆ ಏನೂ ಇಟ್ಟುಕೊಳ್ಳಬೇಡಿ, ಕಾಲು ಕೇಳುವುದಿಲ್ಲ.

ಮಂಗಳವಾರ: ಊರಿನ ಪಶ್ಚಿಮ

ಮುಂಜಾನೆ ಕೋಟೆಗೋಡೆಯ ಪಶ್ಚಿಮದ ಬುರುಜು. ಅಲ್ಲಿ ಮಲಿಕ್-ಎ-ಮೈದಾನ್ ತೋಪು ಇದೆ. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದದ್ದು, ನಾಲ್ಕು ಮೀಟರಿಗೂ ಉದ್ದ, 55 ಟನ್ ತೂಕ. ಬಾಯಿಯ ಹತ್ತಿರ ಬಗ್ಗಿ ನೋಡಿ: ಸಿಂಹದ ದವಡೆಗಳ ನಡುವೆ ಆನೆ ಸಿಕ್ಕಿಕೊಂಡಿದೆ. ದೂರದಿಂದ ಫೋಟೋ ತೆಗೆದು ಹೋಗುವವರಿಗೆ ಆನೆ ಕಾಣುವುದೇ ಇಲ್ಲ. ಅಲ್ಲಿಂದ ನಡೆಯುವಷ್ಟು ದೂರದಲ್ಲಿ ಉಪ್ಪಲಿ ಬುರುಜು, ಹೊರಗೋಡೆಗೆ ಸುತ್ತಿಕೊಂಡ ಮೆಟ್ಟಿಲಿನ 24 ಮೀಟರ್ ಎತ್ತರದ ಕಾವಲುಗೋಪುರ. ಮೇಲೆ ಎರಡು ಉದ್ದನೆಯ ತೋಪುಗಳಿವೆ. ಚಿಕ್ಕ ಮಕ್ಕಳನ್ನು ಗೋಡೆಯ ಕಡೆಯ ಮಗ್ಗುಲಲ್ಲೇ ಹತ್ತಿಸಿ.

ಇಳಿಹೊತ್ತು ನಾಲ್ಕೂವರೆಗೆ ಇಬ್ರಾಹಿಂ ರೋಜಾ. ಸಂಜೆಗೇ ಏಕೆ ಎಂದರೆ, ಒಂದೇ ಜಗಲಿಯ ಮೇಲೆ ಪೂರ್ವಕ್ಕೆ ಗೋರಿ, ಪಶ್ಚಿಮಕ್ಕೆ ಮಸೀದಿ, ನಡುವೆ ಕೊಳ. ಮಸೀದಿಯ ಕಡೆಯಿಂದ ಬರುವ ಇಳಿಬಿಸಿಲು ಗೋರಿಯ ಮುಖದ ಮೇಲೆ ಬಿದ್ದಾಗ ಕೆತ್ತನೆಯ ಅಕ್ಷರಗಳ ನೆರಳು ಆಳವಾಗಿ, ಗೋಡೆ ಪೂರ್ತಿ ಓದಲು ಬರೆದಿಟ್ಟಂತೆ ಎದ್ದು ಬರುತ್ತದೆ. ಬೆಳಿಗ್ಗೆ ಅದೇ ಗೋಡೆ ನೆರಳಿನಲ್ಲಿ ಚಪ್ಪಟೆ.

ಇಲ್ಲಿ ಮಲಗಿರುವ ಎರಡನೇ ಇಬ್ರಾಹಿಂ (1580–1627) ಸಂಗೀತ ಬಲ್ಲವನು, ದಖನಿ ನುಡಿಯಲ್ಲಿ ಸರಸ್ವತಿಯನ್ನು ಸ್ತುತಿಸಿ ಪದ ಕಟ್ಟಿದವನು, ಜಗದ್ಗುರು ಎಂದು ಕರೆಸಿಕೊಂಡವನು. ಕಟ್ಟಿದ ಮಲಿಕ್ ಸಂದಲ್‌ನ ಕೆಲಸದಲ್ಲಿ ಮೂರನ್ನು ಬಿಡದೆ ನೋಡಿ. ಸೂರಿನ ಅಂಚಿನಿಂದ ತೂಗುವ ಕಲ್ಲಿನ ಸರಪಳಿ, ಕೊಂಡಿ ಕೊಂಡಿಯೂ ಬಿಡಿ, ಆದರೂ ಒಂದೇ ಕಲ್ಲು. ಕಿಟಕಿಗಳ ಜಾಲರಿ, ಅದರ ತೂತುಗಳೇ ಅಕ್ಷರಗಳಾಗಿವೆ. ಒಳಗಿನ ಕೋಣೆಯ ಮೇಲ್ಛಾವಣಿ, ಸಮತಟ್ಟಾದ ಕಲ್ಲು, ಕೆಳಗೆ ಆಧಾರವೇ ಕಾಣದು. ಗಾರೆಯ ಬಲದ ಮೇಲೆ ಅದು ನಾನೂರು ವರ್ಷ ನಿಂತಿದೆ. ದುರ್ಬೀನು ಬೇಕಾಗುವುದು ಇಲ್ಲೇ. ಕನಿಷ್ಠ ಒಂದೂವರೆ ತಾಸು ಕೂತುಕೊಳ್ಳಿ. ನನ್ನ ಮಟ್ಟಿಗೆ ಊರಿನಲ್ಲಿ ಒಂದೇ ಕಟ್ಟಡ ನೋಡಲು ಸಮಯವಿದ್ದರೂ ಇದನ್ನೇ ಆರಿಸಬೇಕು, ಗೋಳಗುಮ್ಮಟವನ್ನಲ್ಲ.

ಬುಧವಾರ: ಅರಕಿಲ್ಲಾ ಮತ್ತು ಜುಮ್ಮಾ ಮಸೀದಿ

ಇದು ಪೂರ್ತಿ ನಡಿಗೆಯ ದಿನ. ದರ್ಬಾರಿನ ಗಗನ ಮಹಲಿನ ದೊಡ್ಡ ಕಮಾನು (1561), ಅದರ ಹತ್ತಿರ ಸಾತ್ ಮಂಜಿಲ್ (ಹೆಸರಿಗೆ ಏಳಂತಸ್ತಿನ ಅರಮನೆ), ಎದುರಿಗೆ ಪುಟ್ಟ ಜಲಮಂಜಿಲ್ (ನೀರಿನ ಮಂಟಪ), ಆಮೇಲೆ 1320ರ ಕರೀಮುದ್ದೀನ್ ಮಸೀದಿ. ಕೊನೆಯದನ್ನು ಬಹಳ ಜನ ದಾಟಿ ಹೋಗುತ್ತಾರೆ. ಒಳಗಿನ ಕಂಬಗಳು ಹಳೆಯ ಗುಡಿಗಳವು. ಆದಿಲ್‌ಶಾಹಿಗಳಿಗೂ ಮೊದಲು ಇಲ್ಲೊಂದು ಊರಿತ್ತು ಎಂಬುದಕ್ಕೆ ಆ ಕಂಬಗಳೇ ಸಾಕ್ಷಿ.

ಸಂಜೆ ಮೆಹತರ್ ಮಹಲ್ ನೋಡಿಕೊಂಡು ಜುಮ್ಮಾ ಮಸೀದಿಗೆ. ಹೆಸರು ಮಹಲ್ ಎಂದಿದ್ದರೂ ಮೆಹತರ್ ಮಹಲ್ ಒಂದು ಹೆಬ್ಬಾಗಿಲು. ಬಾಲ್ಕನಿ ಹೊತ್ತ ಚಾಚುಗಳ ಕೆತ್ತನೆ ಮರಗೆಲಸವೇ ಎನ್ನಿಸುವಷ್ಟು ನಯ. ಜುಮ್ಮಾ ಮಸೀದಿಯ ನೆಲದ ಮೇಲೆ 2,250 ಜನರಿಗೆ ಒಬ್ಬೊಬ್ಬರಿಗೂ ಒಂದರಂತೆ ನಮಾಜಿನ ಚೌಕಗಳನ್ನು ಗೆರೆ ಎಳೆದು ಗುರುತಿಸಲಾಗಿದೆ. ಚಿನ್ನದ ಬಣ್ಣದ ಮಿಹ್ರಾಬ್ (ನಮಾಜಿನ ದಿಕ್ಕು ತೋರುವ ಗೋಡೆಗೂಡು) ಮುಂದೆ ಪರದೆ ಇದ್ದರೆ ಅಲ್ಲಿರುವವರನ್ನು ಕೇಳಿ, ನೀವೇ ಸರಿಸಬೇಡಿ. ಇದು ಇಂದಿಗೂ ನಮಾಜು ನಡೆಯುವ ಜಾಗ: ಮೈಮುಚ್ಚುವ ಬಟ್ಟೆ, ಚಪ್ಪಲಿ ಹೊರಗೆ, ನಮಾಜಿನ ಹೊತ್ತಿಗೆ ಒಳಗೆ ಓಡಾಟ ಬೇಡ. ಅರಕಿಲ್ಲಾದ ಹತ್ತಿರ, ಪ್ರವಾದಿಯವರದೆಂದು ನಂಬುವ ಕೂದಲನ್ನು ಇಟ್ಟಿರುವ ಅಸರ್ ಮಹಲಿನ ಒಳಗೆ ಹೆಂಗಸರಿಗೆ ಪ್ರವೇಶವಿಲ್ಲ. ಜೊತೆಯಲ್ಲಿರುವವರಿಗೆ ಇದನ್ನು ಮೊದಲೇ ತಿಳಿಸಿ, ಮುಂದಿನ ದೊಡ್ಡ ಹೊಂಡದ ಬದಿಯಿಂದ ಎಲ್ಲರೂ ಒಟ್ಟಿಗೆ ನೋಡುವುದು ಒಳ್ಳೆಯದು.

ಗುರುವಾರ: ನೀರಿನ ಜಾಡು

ಯಾವ ಪ್ಯಾಕೇಜಿನಲ್ಲೂ ಈ ದಿನ ಇರುವುದಿಲ್ಲ, ವಾರ ಉಳಿಯುವವರಿಗೆ ಸಿಗುವ ಬಹುಮಾನ ಇದು. ದೊಡ್ಡ ನದಿಯಿಲ್ಲದ ಬಯಲುಸೀಮೆಯಲ್ಲಿ ರಾಜಧಾನಿಗೆ ಕುಡಿಯಲು ನೀರು ಎಲ್ಲಿಂದ ಬಂತು?

ಅರ್ಧ ದಿನಕ್ಕೆ ಆಟೋ ಮಾತಾಡಿ ಮೊದಲು ಪಶ್ಚಿಮಕ್ಕೆ ತೊರವಿಗೆ ಹೋಗಿ. ಅಲ್ಲಿಂದ ಊರಿನತ್ತ ನೆಲದೊಳಗೆ ಸುರಂಗ ಕೊರೆದು ನೀರು ತಂದರು. ಸುರಂಗದ ಮೇಲೆ ಅಲ್ಲಲ್ಲಿ ಬಾವಿಯಂಥ ಗಾಳಿಕಿಂಡಿಗಳಿವೆ, ಕರೇಜ್ ಎನ್ನುವುದು ಇದನ್ನೇ. ಕಿಂಡಿಗಳ ಸುತ್ತ ಕಟ್ಟೆಯಿಲ್ಲದಿರಬಹುದು, ಮಕ್ಕಳ ಕೈ ಬಿಡಬೇಡಿ. ತೊರವಿಯಲ್ಲೇ ಇಬ್ರಾಹಿಂ 1599ರಲ್ಲಿ ಶುರು ಮಾಡಿದ ನವರಸಪುರದ ಸಂಗೀತ ಮಹಲಿನ ಅವಶೇಷವಿದೆ, ಕನ್ನಡದ ತೊರವೆ ರಾಮಾಯಣದ ಕುಮಾರ ವಾಲ್ಮೀಕಿಯ ಇಷ್ಟದೈವ ನರಸಿಂಹನ ಗುಡಿಯಿದೆ. ಕನ್ನಡ ಓದುವವರು ಗುಡಿಗೆ ಇಳಿಯದೆ ಬರಬಾರದು.

ಮರಳುವಾಗ ತಾಜ್ ಬಾವಡಿ. ಎಂಟು ಮೂಲೆಯ ಎರಡು ಗೋಪುರಗಳ ನಡುವೆ ದೊಡ್ಡ ಕಮಾನು, ಒಳಗೆ ಮಗ್ಗುಲಿಗೆ ಸುಮಾರು 68 ಮೀಟರ್ ಅಳತೆಯ ಚೌಕ ಬಾವಿ. ಮೆಟ್ಟಿಲು ಪಾಚಿಗಟ್ಟಿರುತ್ತವೆ, ಮೇಲಿನಿಂದಲೇ ನೋಡಿ. ಸಂಜೆ ದಕ್ಷಿಣಕ್ಕೆ ಬೇಗಂ ತಲಾಬ್, 1651ರ ಕೆರೆ. ಇಲ್ಲಿನ ನೀರು ಮಣ್ಣಿನ ಕೊಳವೆಗಳಲ್ಲಿ ಊರಿಗೆ ಹೋಗುತ್ತಿತ್ತು. ದಾರಿಯುದ್ದಕ್ಕೂ ನಿಂತ ಗಾರೆಯ ಗೋಪುರಗಳು, ಅಂದರೆ ಗಂಜ್‌ಗಳು, ಕೊಳವೆ ಒಡೆಯದಂತೆ ನೀರಿನ ಒತ್ತಡ ತಗ್ಗಿಸುತ್ತಿದ್ದವು, ಕೆಸರು ಅಲ್ಲೇ ತಳ ಕೂರುತ್ತಿತ್ತು. ಒಮ್ಮೆ ಗುರುತು ಸಿಕ್ಕರೆ ಊರಿನ ಓಣಿಗಳಲ್ಲೂ ಗಂಜ್‌ಗಳು ಕಣ್ಣಿಗೆ ಬೀಳುತ್ತ ಹೋಗುತ್ತವೆ.

ಶುಕ್ರವಾರ: ಊರ ಹೊರಗೆ

ಎರಡು ಆಯ್ಕೆ. ಕಾರು ಮಾಡಿಕೊಂಡು ಬಸವನಬಾಗೇವಾಡಿ (43 ಕಿಲೋಮೀಟರ್), ಅಲ್ಲಿಂದ ಕೃಷ್ಣಾ–ಮಲಪ್ರಭಾ ಕೂಡುವ ಕೂಡಲಸಂಗಮ. ಬೆಳಿಗ್ಗೆ ಏಳಕ್ಕೆ ಹೊರಟರೆ ಸಂಜೆ ಐದಕ್ಕೆ ವಾಪಸ್ಸು. ಆಲಮಟ್ಟಿಯನ್ನೂ ಸೇರಿಸುವ ಆಸೆ ಬೇಡ. ಇಲ್ಲವೇ ಅರ್ಧ ದಿನಕ್ಕೆ ಸಿಂದಗಿ ದಾರಿಯ ಕುಮಟಗಿ: ಕೆರೆಯ ನಡುವಿನ ಜಲಮಹಲು, ಗೋಡೆಯ ಮೇಲೆ ಮಾಸಿದ ಚಿತ್ರಗಳು. ಬಾದಾಮಿಯನ್ನು ಇಲ್ಲಿಂದ ಒಂದೇ ದಿನದಲ್ಲಿ ಹೋಗಿ ಬರುವವರಿದ್ದಾರೆ. ಒಂದು ಕಡೆಗೇ ನೂರಿಪ್ಪತ್ತು ಕಿಲೋಮೀಟರ್ ಆಸುಪಾಸು. ಅದಕ್ಕೆ ಬೇರೆ ಪ್ರವಾಸವೇ ಬೇಕು.

ಊಟದ ಮಾತು

ಹೋಟೆಲಿನ ಮೆನು ಬಿಟ್ಟು ಖಾನಾವಳಿಗೆ ಹೋಗಿ. ಎರಡೂವರೆಯ ಒಳಗೆ ಹೋದರೆ ಬಿಸಿ ರೊಟ್ಟಿ ಸಿಗುತ್ತದೆ, ತಡವಾದರೆ ಕಡಕ್ ರೊಟ್ಟಿಯೇ ಗತಿ. ಎಣ್ಣಿಗಾಯಿ, ಝುಣಕ, ಕಾಳುಪಲ್ಯ, ಪುಂಡಿಪಲ್ಯ, ಮೇಲೆ ಶೇಂಗಾ ಹಿಂಡಿಗೆ (ಕಡಲೆಕಾಯಿ ಚಟ್ನಿಪುಡಿ) ಗಟ್ಟಿ ಮೊಸರು. ದಕ್ಷಿಣದಿಂದ ಬಂದವರು ಮೊದಲ ದಿನವೇ ನಾಲ್ಕು ರೊಟ್ಟಿ ತಿಂದು ರಾತ್ರಿ ಹೊಟ್ಟೆಭಾರ ಎನ್ನುತ್ತಾರೆ. ಎರಡರಿಂದ ಶುರು ಮಾಡಿ, ಮಜ್ಜಿಗೆ ಜಾಸ್ತಿ ಕುಡಿಯಿರಿ. ಖಾರ ತಡೆಯದಿದ್ದರೆ ಬಡಿಸುವವರಿಗೆ “ಅಣ್ಣಾರ, ಖಾರ ಕಮ್ಮಿದ್ದ ಪಲ್ಯ ಯಾವುದೈತ್ರಿ?” ಎಂದು ಕೇಳಿದರೆ ಸಾಕು. ಡಿಸೆಂಬರ್ ಕೊನೆ–ಜನವರಿಯಲ್ಲಿ ಯಾರಾದರೂ ಹೊಲಕ್ಕೆ ಸೀತನಿ ತಿನ್ನಲು ಕರೆದರೆ ಆ ದಿನದ ಯೋಜನೆ ಬದಿಗಿಟ್ಟು ಹೋಗಿ. ಎಳೆ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ಉಜ್ಜಿ, ಬಿಸಿ ಕಾಳಿಗೆ ಶೇಂಗಾ ಹಿಂಡಿ, ಬೆಲ್ಲ ಹಚ್ಚಿ ಕೊಡುತ್ತಾರೆ.

ಶನಿವಾರ

ಮುಂಜಾನೆ ಹೊಸ ಜಾಗ ಬೇಡ. ವಾರದಲ್ಲಿ ಹೆಚ್ಚು ಹಿಡಿಸಿದ ಕಡೆಗೆ ಇನ್ನೊಮ್ಮೆ, ಮೊದಲು ಹೋದ ಹೊತ್ತಿಗೆ ವಿರುದ್ಧವಾದ ಹೊತ್ತಿನಲ್ಲಿ ಹೋಗಿ: ಸಂಜೆ ನೋಡಿದ ಇಬ್ರಾಹಿಂ ರೋಜಾವನ್ನು ಬೆಳಿಗ್ಗೆ ನೋಡಿದರೆ ಈಗ ಬಿಸಿಲು ಮಸೀದಿಯ ಮುಖದ ಮೇಲಿರುತ್ತದೆ.

ಕೊಳ್ಳುವುದು ಒಣದ್ರಾಕ್ಷಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಕಡಕ್ ರೊಟ್ಟಿ. ದ್ರಾಕ್ಷಿಯನ್ನು ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಬಿಡಿಬಿಡಿಯಾಗಿ ಉದುರಬೇಕು, ಅಂಟಿಕೊಂಡರೆ ಸರಿಯಾಗಿ ಒಣಗಿಲ್ಲ. ರೊಟ್ಟಿ ಕೊಂಡರೆ ಗಟ್ಟಿ ರಟ್ಟಿನ ಡಬ್ಬಿ ಕೇಳಿ ಪಡೆದು, ಮೇಲೂ ಕೆಳಗೂ ಪೇಪರ್ ಹಾಸಿ, ಅಡ್ಡಲಾಗಿ ಮಲಗಿಸಿ ಇಡಿ. ನಿಲ್ಲಿಸಿ ಇಟ್ಟರೆ ಊರು ಮುಟ್ಟುವಷ್ಟರಲ್ಲಿ ಪುಡಿಯಾಗಿರುತ್ತದೆ. ಬಸ್ಸಿನ ಡಿಕ್ಕಿಗೆ ಹಾಕದೆ ಸೀಟಿನ ಮೇಲಿನ ಕಟ್ಟೆಯಲ್ಲಿ, ಎಲ್ಲಕ್ಕಿಂತ ಮೇಲೆ.